ಎತ್ಕೊಂಡು ಹೋಗ್ತೀವಿ ಬಿಡಿ ಮೇಡಂ

(ಮಂಡ್ಯದಲ್ಲಿ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಕೆಲವು ಗ್ರಾಮ ಪಂಚಾಯಿತಿ ಸದಸ್ಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಮಂಡ್ಯ, ಮೈಸೂರು ಸೀಮೆಯ ಜನ ತುಂಬಾ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದರೆ ಇವತ್ತು ನನ್ನ ದೂರು ಇರುವುದು ಈ ಒಳ್ಳೆಯತನದ ಮೇಲೆಯೇ.

ವೀಲ್‌ಚೇರಿನಲ್ಲಿ ಬಂದ ಹೆಂಗಸೊಬ್ಬಳು ಯಾವುದೋ ಆಫೀಸಿನ ಮೆಟ್ಟಿಲ ಮುಂದೆ ತಲೆಯೆತ್ತಿ ನೋಡಿದರೆ ಸಾಕು. ಎದುರಿನ ಟೀ ಅಂಗಡಿಯಿಂದ ಒಬ್ಬರು ಲೋಟ ಕೆಳಗಿಟ್ಟು ಬರುತ್ತಾರೆ. ಆಟೋದವರೊಬ್ಬರು ಇಳಿಯುತ್ತಾರೆ. ಅರ್ಜಿ ಬರೆದುಕೊಡುವ ಹುಡುಗ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಏಳುತ್ತಾನೆ. ಯಾರೂ ಯಾರನ್ನೂ ಕರೆದಿರುವುದಿಲ್ಲ. 'ಎತ್ಕೊಂಡು ಹೋಗ್ತೀವಿ ಬಿಡಿ ಮೇಡಂ' ಅನ್ನುತ್ತಾರೆ. ಎತ್ತಿಯೂ ಬಿಡುತ್ತಾರೆ. ದುಡ್ಡು ಕೇಳುವುದಿಲ್ಲ, ಹೆಸರು ಹೇಳುವುದಿಲ್ಲ. ಕೆಲಸ ಮುಗಿಸಿ ವಾಪಸ್ ಬರುವಾಗ ಬೇರೆ ನಾಲ್ಕು ಜನ.

ಹೀಗೆ ಎತ್ತಿಸಿಕೊಂಡೇ ನಾನು ಬ್ಯಾಂಕಿನಲ್ಲಿ ಅಕೌಂಟ್ ತೆರೆದಿದ್ದೇನೆ, ಜಮೀನಿನ ಖಾತೆ ಮಾಡಿಸಿದ್ದೇನೆ, ತಮ್ಮನ ಮದುವೆ ಊಟ ಮಾಡಿದ್ದೇನೆ, ಓಟು ಹಾಕಿದ್ದೇನೆ. ಎಲ್ಲಾ ಕೆಲಸವೂ ಆಗಿದೆ. ಕೆಲಸ ಆಗುತ್ತಾ ಬಂದಿರುವುದರಿಂದಲೇ ಆ ಮೆಟ್ಟಿಲುಗಳೂ ಹಾಗೇ ಇವೆ. ಒಳಗೆ ಕೂತ ಅಧಿಕಾರಿ ನನ್ನನ್ನು ನೋಡುವುದು ತಮ್ಮ ಟೇಬಲ್ ಮುಂದೆ. ಅಲ್ಲಿಗೆ ಹೇಗೆ ಬಂದೆ ಅನ್ನುವುದನ್ನು ಅವರು ನೋಡಿರುವುದಿಲ್ಲ. 'ಎಲ್ಲರೂ ಬರ್ತಾರಲ್ಲ, ಏನು ತೊಂದರೆ?' ಅಂತ ಅವರು ಕೇಳಿದರೆ ಅದರಲ್ಲಿ ಕೆಟ್ಟ ಮನಸ್ಸೇನೂ ಇಲ್ಲ. ಮೆಟ್ಟಿಲು ಕಟ್ಟಿಸಿದವರಿಗೂ ಮೆಟ್ಟಿಲು ಹತ್ತಲಾರದವರಿಗೂ ನಡುವೆ ನಾಲ್ಕು ಜನ ಪುಣ್ಯಾತ್ಮರು ನಿಂತುಬಿಟ್ಟಿದ್ದಾರೆ, ಅಷ್ಟೇ.

ಎತ್ತಿಸಿಕೊಳ್ಳುವುದು ಹೇಗಿರುತ್ತೆ ಅಂತ ಸ್ವಲ್ಪ ಹೇಳುತ್ತೇನೆ. ವೀಲ್‌ಚೇರಿನ ಕೈ ಇಡುವ ಭಾಗ ಇದೆಯಲ್ಲ, ಬಹಳಷ್ಟು ಗಾಡಿಗಳಲ್ಲಿ ಅದು ಬಿಚ್ಚಿ ಬರುತ್ತದೆ. ಗೊತ್ತಿಲ್ಲದವರು ಅದನ್ನೇ ಹಿಡಿದು ಎತ್ತುತ್ತಾರೆ. ಒಂದು ಕಡೆಯದು ಕೈಗೆ ಬಂತು ಅಂದರೆ ಗಾಡಿ ಓರೆಯಾಗುತ್ತೆ, ನಾನು ಜಾರುತ್ತೇನೆ. ಆಗ ಇನ್ನೊಬ್ಬರು ಗಾಬರಿಯಾಗಿ ನನ್ನ ಕಂಕುಳಿಗೆ ಕೈ ಹಾಕುತ್ತಾರೆ. ನನ್ನ ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಫೈಲು. ಪರಿಚಯವೇ ಇಲ್ಲದ ಗಂಡಸರ ಮುಖ ನನ್ನ ಮುಖದಿಂದ ಗೇಣು ದೂರದಲ್ಲಿ. ಅವರಿಗೂ ಮುಜುಗರ, ನನಗೂ ಮುಜುಗರ. 'ಹುಷಾರು, ಹುಷಾರು' ಅಂತ ಎಲ್ಲರೂ ಹೇಳುತ್ತಿರುತ್ತಾರೆ. ಮೇಲೆ ಹೋಗಿ ಇಳಿಸಿದ ಮೇಲೆ ನಾನು 'ತುಂಬಾ ಥ್ಯಾಂಕ್ಸ್ ಅಣ್ಣ' ಅನ್ನಬೇಕು. ನಿಜವಾಗಿ ಥ್ಯಾಂಕ್ಸ್ ಹೇಳುತ್ತೇನೆ. ಆದರೂ ಜನನ ಪ್ರಮಾಣಪತ್ರದ ಒಂದು ನಕಲಿಗೆ ಇಷ್ಟೆಲ್ಲಾ ಬೇಕಾ ಅಂತ ಅನ್ನಿಸದೆ ಇರಲ್ಲ.

ಇದು ನನ್ನಂಥ ಹಗುರ ಗಾಡಿಯವರ ಕಥೆ. ಬ್ಯಾಟರಿ ಗಾಡಿ ಇಟ್ಟುಕೊಂಡವರನ್ನು ಎತ್ತೋಕೇ ಆಗಲ್ಲ. ಎಷ್ಟೋ ಬ್ಯಾಟರಿ ಗಾಡಿಗಳೇ 50 ಕಿಲೋ ದಾಟುತ್ತವೆ. ಅವರು ಮೆಟ್ಟಿಲು ನೋಡಿ ಮನೆಗೆ ವಾಪಸ್ ಹೋಗುತ್ತಾರೆ. ಅವರು ಬಂದಿದ್ದರು ಅನ್ನುವುದೂ ಯಾರಿಗೂ ಗೊತ್ತಾಗುವುದಿಲ್ಲ.

ನನ್ನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಮದ್ದೂರು ಕಡೆಯ ಹಳ್ಳಿ ನಮ್ಮದು. 70ರ ದಶಕದಲ್ಲಿ ಹುಟ್ಟಿದೆ. ನಡೆಯೋಕೆ ಕಲಿತ ಮೇಲೆ ಜ್ವರ ಬಂತು, ಜ್ವರ ಇಳಿಯುವಾಗ ಕಾಲು ಬಿದ್ದಿತ್ತು. ಪೋಲಿಯೋ. ಆಗ ನಮ್ಮ ಸುತ್ತಮುತ್ತ ಇದು ಅಪರೂಪ ಏನಲ್ಲ. ಅವ್ವ ಕಂಕುಳಲ್ಲಿ ಎತ್ತಿಕೊಂಡು ಸ್ಕೂಲಿಗೆ ಬಿಡುತ್ತಿದ್ದಳು. ನಾನು ಬೆಳೆದ ಹಾಗೆ ಅವಳ ಸೊಂಟ ಹೋಯಿತು. ಆಮೇಲೆ ಕ್ಯಾಲಿಪರ್ ಬಂತು. ಎರಡು ಕಡೆ ಕಬ್ಬಿಣದ ಸರಳು, ತೊಡೆಗೆ ಚರ್ಮದ ಪಟ್ಟಿ, ಕೆಳಗೆ ಭಾರದ ಬೂಟು, ಮೊಣಕಾಲ ಹತ್ತಿರ ಒಂದು ಲಾಕ್. ಅದನ್ನು ಹಾಕಿಕೊಂಡು, ಕಂಬಿ ಹಿಡಿದುಕೊಂಡು, ಮೆಟ್ಟಿಲು ಹತ್ತಿ ಓದಿದೆ. ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡೋಕೆ ಸೇರಿದೆ. ಈಗ ಮೈಸೂರಿನಲ್ಲಿ ಮನೆ.

ಸನ್ಮಾನ ಮಾಡುವವರಿಗೆ ಈ ಭಾಗ ಬಹಳ ಇಷ್ಟ. 'ಛಲ' ಅನ್ನುತ್ತಾರೆ, ಶಾಲು ಹೊದಿಸುತ್ತಾರೆ, ಮೈಸೂರು ಪೇಟ ಇಡುತ್ತಾರೆ. ವೇದಿಕೆಗೆ ಮಾತ್ರ ಐದು ಮೆಟ್ಟಿಲು ಇರುತ್ತೆ. ಆ ಛಲಕ್ಕೆ ಎಷ್ಟು ಬೆಲೆ ಕೊಟ್ಟೆ ಅನ್ನುವುದು ನಲವತ್ತು ದಾಟಿದ ಮೇಲೆ ಗೊತ್ತಾಯಿತು. ಒಳ್ಳೆಯ ಕಾಲು ಅಂದುಕೊಂಡಿದ್ದ ಕಾಲೇ ಸೋಲೋಕೆ ಶುರುವಾಯಿತು. ಸುಮ್ನೆ ಕೂತರೂ ಸುಸ್ತು. ಡಾಕ್ಟರು ಇದಕ್ಕೆ ಪೋಸ್ಟ್ ಪೋಲಿಯೋ ಸಿಂಡ್ರೋಮ್ ಅಂದರು.

ವಿಷಯ ಏನಂದರೆ, ಪೋಲಿಯೋ ವೈರಸ್ ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಸಾಯಿಸುತ್ತದೆ. ಬದುಕುಳಿದ ನರಕೋಶಗಳು ಹೊಸ ಕವಲು ಒಡೆದು, ದಿಕ್ಕಿಲ್ಲದೆ ಉಳಿದ ಸ್ನಾಯುಗಳನ್ನೂ ನಡೆಸೋಕೆ ಶುರು ಮಾಡುತ್ತವೆ. ಜೋಡಿಯಲ್ಲಿ ಒಂದು ಎತ್ತು ಸತ್ತ ಮೇಲೆ ಉಳಿದ ಒಂಟಿ ಎತ್ತೇ ಗಾಡಿ ಎಳೆದ ಹಾಗೆ. ಕೆಲವು ದಶಕ ಎಳೆಯುತ್ತದೆ. ಆಮೇಲೆ ಅದೂ ಮಂಡಿಯೂರುತ್ತದೆ. ಹೋದ ಶಕ್ತಿಯನ್ನು ವಾಪಸ್ ತರುವ ಔಷಧಿ ಇಲ್ಲ. ಮೈಯನ್ನು ಅತಿಯಾಗಿ ದುಡಿಸಬೇಡಿ, ಮೆಟ್ಟಿಲು ಬಿಡಿ, ವೀಲ್‌ಚೇರ್ ಬಳಸಿ ಅನ್ನುತ್ತಾರೆ ಡಾಕ್ಟರು. ಇಷ್ಟು ವರ್ಷ 'ಪರವಾಗಿಲ್ಲ, ಹತ್ತುತ್ತೀನಿ' ಅಂದ ನನ್ನಂಥವರು ಒಬ್ಬೊಬ್ಬರಾಗಿ ಮೆಟ್ಟಿಲ ಕೆಳಗೆ ಬಂದು ಕೂತಿದ್ದೇವೆ.

ಭಾರತದಲ್ಲಿ ಕೊನೆಯ ಪೋಲಿಯೋ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ದೇಶ ಪೋಲಿಯೋ ಮುಕ್ತ ಅಂತ ಘೋಷಣೆಯೂ ಆಯಿತು. ತುಂಬಾ ಸಂತೋಷದ ವಿಷಯ. ಆದರೆ ಕಾಲು ಕಳೆದುಕೊಳ್ಳೋಕೆ ಪೋಲಿಯೋನೇ ಆಗಬೇಕು ಅಂತಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಪಾದ ಹೋದವರಿದ್ದಾರೆ. ಆಲೆಮನೆಯ ಗಾಣಕ್ಕೆ ಕೈ ಕೊಟ್ಟವರು ಈ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಮಲಗಿರುವ ಇಪ್ಪತ್ತರ ಹುಡುಗರಿದ್ದಾರೆ. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರು ಲೆಕ್ಕಕ್ಕೆ ಸಿಕ್ಕಿದ್ದರು. ಆಗ ಹಳೆಯ ಕಾಯ್ದೆ ಇತ್ತು, ಏಳು ಬಗೆಯ ಅಂಗವೈಕಲ್ಯ ಮಾತ್ರ ಅದರಲ್ಲಿತ್ತು. ಈಗ ಕಾಯ್ದೆಯಲ್ಲಿರುವುದು 21.

ಕಾಯ್ದೆಗೆ ಬರೋಣ. ಇಲ್ಲಿ ಎಂಜಿನಿಯರಿಂಗ್ ಓದುವವರು ಸ್ವಲ್ಪ ಕಿವಿ ಕೊಡಿ, ಮುಂದೆ ನಿಮ್ಮ ಸಹಿ ಬೀಳುವ ಜಾಗ ಇದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಅದರ 44ನೇ ಸೆಕ್ಷನ್ ಪ್ರಕಾರ, ನಿಯಮದಂತೆ ಎಲ್ಲರೂ ಬಳಸುವ ಹಾಗೆ ನಕ್ಷೆ ಇಲ್ಲದಿದ್ದರೆ ಕಟ್ಟಡಕ್ಕೆ ಪರವಾನಗಿಯೇ ಕೊಡುವಂತಿಲ್ಲ. ಕಟ್ಟಿ ಮುಗಿಸಿದ ಮೇಲೂ ಹಾಗಿಲ್ಲದಿದ್ದರೆ ಕಂಪ್ಲೀಷನ್ ಸರ್ಟಿಫಿಕೇಟ್ ಕೊಡುವಂತಿಲ್ಲ. 45ನೇ ಸೆಕ್ಷನ್ ಹಳೆಯ ಕಟ್ಟಡಗಳಿಗೆ. ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮ ಬಂದ ಐದು ವರ್ಷದೊಳಗೆ ಸರಿ ಮಾಡಬೇಕು ಅಂತ ಅದರಲ್ಲಿದೆ. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಅಂದರೆ ಗಡುವು 2022ಕ್ಕೇ ಮುಗಿದಿದೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಸಾರ್ವಜನಿಕ ಕಟ್ಟಡ ಅಂದರೆ ಸರ್ಕಾರಿ ಕಟ್ಟಡ ಮಾತ್ರ ಅಲ್ಲ. ಜನ ಬಂದು ಹೋಗುವ ಖಾಸಗಿ ಕಟ್ಟಡವೂ ಸೇರುತ್ತದೆ. ಅಂಗಡಿ ಮಳಿಗೆ, ಆಸ್ಪತ್ರೆ, ಸ್ಕೂಲು, ದೇವಸ್ಥಾನ, ಮದುವೆ ಛತ್ರ, ಎಲ್ಲಾ. ತಪ್ಪಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ. ಮತ್ತೆ ತಪ್ಪಿದರೆ 50,000ದಿಂದ 5 ಲಕ್ಷ.

ಇಷ್ಟು ಗಟ್ಟಿ ಕಾಯ್ದೆ ಇದ್ದೂ ಯಾಕೆ ನಡೆಯಲಿಲ್ಲ? ಒಂದು ಕಾರಣ ಸುಪ್ರೀಂ ಕೋರ್ಟೇ ಹೇಳಿತು. ರಾಜೀವ್ ರತುರಿ ಅನ್ನುವವರು ಹಾಕಿದ ಕೇಸಿನಲ್ಲಿ 2024ರ ನವೆಂಬರ್ 8ರಂದು ತೀರ್ಪು ಬಂತು. ಕಾಯ್ದೆ 'ಕಡ್ಡಾಯ' ಅನ್ನುತ್ತದೆ, ಅದರ ಕೆಳಗಿನ 15ನೇ ನಿಯಮ ಬರೀ ಮಾರ್ಗಸೂಚಿಗಳನ್ನು ಜೋಡಿಸಿ ಕೈ ತೊಳೆದುಕೊಂಡಿದೆ, ಹೀಗಿದ್ದರೆ ಆಗಲ್ಲ, ಆ ನಿಯಮ ಕಾಯ್ದೆಗೆ ವಿರುದ್ಧ ಅಂತ ಕೋರ್ಟ್ ಹೇಳಿತು. ಇಷ್ಟಂತೂ ಇರಲೇಬೇಕು ಅನ್ನುವ ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ಮಾಡಿ ಅಂತ ಕೇಂದ್ರ ಸರ್ಕಾರಕ್ಕೆ ಆದೇಶವನ್ನೂ ಕೊಟ್ಟಿತು.

ಇನ್ನೊಂದು ಕಾರಣ ನನ್ನ ಗಣಿತಕ್ಕೆ ಸೇರಿದ್ದು. ನಮ್ಮಲ್ಲಿ ರ‍್ಯಾಂಪ್ ಇದೆಯಾ ಅಂತ ಕೇಳುತ್ತಾರೆ, ಎಷ್ಟು ಉದ್ದ ಅಂತ ಯಾರೂ ಕೇಳುವುದಿಲ್ಲ.

ಇಳಿಜಾರು 1:12 ಇರಬೇಕು. ಒಂದು ಅಡಿ ಏರೋಕೆ ಹನ್ನೆರಡು ಅಡಿ ಓಡಬೇಕು. ಮೆಟ್ಟಿಲೊಂದು ಆರು ಇಂಚು ಅಂದುಕೊಳ್ಳಿ. ಮೂರು ಮೆಟ್ಟಿಲು ಅಂದರೆ 18 ಇಂಚು. ಹನ್ನೆರಡರಿಂದ ಗುಣಿಸಿ, 216 ಇಂಚು, ಅಂದರೆ 18 ಅಡಿ ಉದ್ದದ ರ‍್ಯಾಂಪ್. ನಮ್ಮಲ್ಲಿ ಮೂರು ಮೆಟ್ಟಿಲ ಪಕ್ಕ ಕಾಂಟ್ರಾಕ್ಟರು ಕೊಡುವುದು ಐದು ಅಡಿ. ಹತ್ತನೇ ಕ್ಲಾಸಿನ ತ್ರಿಕೋನಮಿತಿ ಹಾಕಿ ನೋಡಿ. 1:12 ಅಂದರೆ ಐದು ಡಿಗ್ರಿಗೂ ಕಮ್ಮಿ. 18 ಇಂಚಿಗೆ ಐದು ಅಡಿ ಅಂದರೆ ಹದಿನಾರು, ಹದಿನೇಳು ಡಿಗ್ರಿ. ಅದರಲ್ಲಿ ನಾನೇ ಗಾಲಿ ತಳ್ಳಿಕೊಂಡು ಹತ್ತೋಕೆ ಹೋದರೆ ಗಾಡಿ ಹಿಂದಕ್ಕೆ ಮಗುಚುತ್ತೆ. ಇಳಿಯುವಾಗ ನೇರ ರಸ್ತೆಗೆ. ಹಾಗಾಗಿ ಅಲ್ಲಿಯೂ 'ತಳ್ತೀವಿ ಬಿಡಿ ಮೇಡಂ'.

ಮೇಲೆ ಹೋದ ತಕ್ಷಣ ಬಾಗಿಲು ಇದ್ದರೂ ಕಷ್ಟ. ಗಾಡಿ ನಿಲ್ಲಿಸಿ ಬಾಗಿಲು ಎಳೆಯೋಕೆ ಸಮತಟ್ಟಾದ ಜಾಗ ಬೇಕು. ಒಂದು ಸುತ್ತು ತಿರುಗೋಕೆ 1.5 ಮೀಟರ್ ಬೇಕು. ಬಾಗಿಲು 900 ಮಿಲಿಮೀಟರ್ ತೆರೆದುಕೊಳ್ಳಬೇಕು. ಜಾಗ ಸಾಲದಿದ್ದರೆ ರ‍್ಯಾಂಪನ್ನು ಮಧ್ಯೆ ತಿರುಗಿಸಿ, ತಿರುವಿನಲ್ಲಿ ಸಮತಟ್ಟು ಕೊಡಿ. ಅದಕ್ಕಿಂತ ಒಳ್ಳೆಯದು, ನಕ್ಷೆ ಬರೆಯುವಾಗಲೇ ಬಾಗಿಲಿನ ಮಟ್ಟವನ್ನು ನೆಲದ ಹತ್ತಿರಕ್ಕೆ ತನ್ನಿ. ಮೆಟ್ಟಿಲು ಬೆಸ ಸಂಖ್ಯೆಯಲ್ಲೇ ಇರಬೇಕು ಅಂತ ವಾಸ್ತು ನೋಡಿ ಎಣಿಸುವವರು ನಮ್ಮಲ್ಲಿ ಜಾಸ್ತಿ. ಒಂದೂ ಬೇಡ ಅಂದರೆ ಆ ಎಣಿಕೆಯೂ ತಪ್ಪುತ್ತೆ, ಅಲ್ವಾ?

ನಾನು ನೋಡಿದ ರ‍್ಯಾಂಪ್ ಒಂದರ ವಿವರ ಕೇಳಿ. ಹೊಳೆಯುವ ಗ್ರಾನೈಟ್. ಮಳೆ ಹನಿ ಬಿದ್ದರೆ ಚಪ್ಪಲಿ ಹಾಕಿದವರೂ ಜಾರುತ್ತಾರೆ. ಎರಡು ಕಡೆ ಸ್ಟೀಲ್ ಕಂಬಿ ಚೆನ್ನಾಗಿದೆ. ಕೆಳಗಡೆ ಬೈಕ್ ಹತ್ತಿಸಬಾರದು ಅಂತ ಅಡ್ಡ ಸರಪಳಿ ಹಾಕಿ ಬೀಗ. ಬೀಗದ ಕೀ ಎಲ್ಲಿ ಅಂದರೆ, 'ವಾಚ್‌ಮನ್ ಹತ್ರ ಅದೆ, ಊಟಕ್ಕೋಗವ್ನೆ' ಅಂದರು. ಸರಪಳಿ ಆಚೆ, ರ‍್ಯಾಂಪಿನ ಮೇಲೆ, ಹೂಕುಂಡದ ಸಾಲು. ಯಾರೂ ಓಡಾಡಲ್ಲ ಅಂತ ಅಲ್ಲಿ ಇಟ್ಟಿದ್ದಾರೆ. ಯಾರೂ ಓಡಾಡದೇ ಇರೋದು ಯಾಕೆ ಅನ್ನುವ ಪ್ರಶ್ನೆಯನ್ನು ನಿಮಗೇ ಬಿಡುತ್ತೇನೆ.

ಇನ್ನೊಂದು ಆಫೀಸಿಗೆ ಪತ್ರ ಬರೆದೆ. ಉತ್ತರವಾಗಿ ಅವರು ಒಂದು ಬೋರ್ಡು ಹಾಕಿಸಿದರು: 'ವಿಕಲಚೇತನರು ಸಹಾಯಕ್ಕಾಗಿ ಬೆಲ್ ಒತ್ತಿ.' ಬೆಲ್ ಇರುವುದು ಬಾಗಿಲ ಪಕ್ಕದ ಗೋಡೆಯಲ್ಲಿ. ಮೆಟ್ಟಿಲ ಮೇಲೆ.

ನಗಬಹುದು, ನಾನೂ ನಕ್ಕಿದ್ದೇನೆ. ನಗು ಬರದ ವಿಷಯ ಶೌಚಾಲಯದ್ದು. ನಮ್ಮ ಮೈಸೂರು ಸ್ವಚ್ಛ ನಗರ ಅಂತ 2016ರಲ್ಲಿ ದೇಶಕ್ಕೇ ಮೊದಲು ಬಂದ ಊರು. ನನಗೂ ಹೆಮ್ಮೆ ಇದೆ. ಆದರೆ ಸ್ವಚ್ಛವಾಗಿದ್ದರೂ ಬಾಗಿಲು ದಾಟಲಾಗದ ಶೌಚಾಲಯದಿಂದ ನನಗೇನು ಉಪಯೋಗ? ಬಚ್ಚಲು ಬಾಗಿಲಿಗೆ ಎರಡೂವರೆ ಅಡಿ ಸಾಕು ಅಂತ ಮೇಸ್ತ್ರಿ ಲೆಕ್ಕ. ಅದರಲ್ಲಿ ಚೌಕಟ್ಟು, ಬಾಗಿಲ ದಪ್ಪ ಕಳೆದರೆ ಉಳಿಯುವುದು ಎರಡು ಅಡಿ ಚಿಲ್ಲರೆ. ಸಾಮಾನ್ಯ ವೀಲ್‌ಚೇರಿನ ಅಗಲವೇ ಅದಕ್ಕಿಂತ ಜಾಸ್ತಿ. ಇನ್ನು ವೀಲ್‌ಚೇರ್ ಚಿತ್ರ ಅಂಟಿಸಿದ ಶೌಚಾಲಯ ಇದ್ದ ಕಡೆ ಅದು ಉಗ್ರಾಣ ಆಗಿರುತ್ತೆ. ಪೊರಕೆ, ಫಿನಾಯಿಲ್ ಕ್ಯಾನು, ಮುರಿದ ಕುರ್ಚಿ, ಹೋದ ವರ್ಷದ ಬ್ಯಾನರ್.

ಇದರ ಪರಿಣಾಮ ಏನು ಗೊತ್ತಾ? ಹೊರಗೆ ಹೋಗುವ ದಿನ ನಾನು ಬೆಳಗ್ಗೆಯಿಂದ ನೀರು ಕುಡಿಯುವುದಿಲ್ಲ. ಕಾಫಿಯೂ ಇಲ್ಲ. ನನ್ನಂಥ ಬಹಳ ಹೆಂಗಸರು ಹೀಗೇ. ಏಪ್ರಿಲ್ ಬಿಸಿಲಲ್ಲೂ ಹೀಗೇ. ಆಮೇಲೆ ಉರಿಮೂತ್ರ, ಜ್ವರ, ಔಷಧಿ. ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ ಮೂತ್ರದ ಸೋಂಕು ಕಿಡ್ನಿವರೆಗೂ ಹೋಗಬಹುದು. 'ಕಾರ್ಯಕ್ರಮಕ್ಕೆ ವಿಕಲಚೇತನ ಹೆಣ್ಣುಮಕ್ಕಳು ಯಾಕೆ ಬರಲ್ಲ, ಆಸಕ್ತಿ ಇಲ್ಲ ಅನ್ಸುತ್ತೆ' ಅಂತ ಸಂಘಟಕರು ಹೇಳುವುದನ್ನು ಕೇಳಿದ್ದೇನೆ. ಆಸಕ್ತಿ ಇದೆ. ನಾಲ್ಕು ಗಂಟೆ ತಡೆದುಕೊಳ್ಳೋಕೆ ಆಗಲ್ಲ, ಅಷ್ಟೇ.

ಮೈಸೂರಿಗೆ ಈ ವಿಷಯದಲ್ಲಿ ಒಂದು ಹಳೆಯ ಹೆಸರಿದೆ. ಕಿವುಡ, ಕುರುಡ ಮಕ್ಕಳಿಗೆ 1901ರಲ್ಲೇ ಇಲ್ಲಿ ಸ್ಕೂಲು ಶುರುವಾಯಿತು. ತಿಲಕನಗರದಲ್ಲಿ ಬ್ರೈಲ್ ಪುಸ್ತಕ ಅಚ್ಚು ಹಾಕುತ್ತಾರೆ. ಮಾನಸಗಂಗೋತ್ರಿಯಲ್ಲಿ ದೇಶಕ್ಕೇ ಹೆಸರಾದ ವಾಕ್ ಶ್ರವಣ ಸಂಸ್ಥೆ ಇದೆ. ವಿಕಲಚೇತನರಿಗಾಗಿಯೇ ಜೆಎಸ್‌ಎಸ್ ಪಾಲಿಟೆಕ್ನಿಕ್ ಇದೆ. ಇವು ಸಣ್ಣ ಕೆಲಸ ಅಲ್ಲ. ಆದರೆ ನನ್ನ ಅನಿಸಿಕೆ ಹೇಳುತ್ತೇನೆ, ಒಪ್ಪದಿದ್ದರೆ ಬಿಡಿ. ನಮಗಾಗಿ ಬೇರೆ ಜಾಗ ಕಟ್ಟಿಕೊಡುವುದರಲ್ಲಿ ಮೈಸೂರು ಮುಂದೆ. ಎಲ್ಲರೂ ಹೋಗುವ ಜಾಗಕ್ಕೆ ನಮ್ಮನ್ನೂ ಸೇರಿಸಿಕೊಳ್ಳುವುದರಲ್ಲಿ ಇನ್ನೂ ಹಿಂದೆ. ಓದು ಮುಗಿಸಿದ ಹುಡುಗ ಪಾಲಿಟೆಕ್ನಿಕ್‌ನಿಂದ ಡಿಪ್ಲೊಮಾ ಹಿಡಿದು ಹೊರಗೆ ಬಂದರೆ, ಇಂಟರ್‌ವ್ಯೂ ಇರುವುದು ಲಿಫ್ಟ್ ಇಲ್ಲದ ಎರಡನೇ ಮಹಡಿಯಲ್ಲಿ.

ಬಸ್ಸಿನ ವಿಷಯ. ನಮಗೆ ರಿಯಾಯಿತಿ ಪಾಸ್ ಇದೆ, ಮನೆಯಿಂದ 100 ಕಿಲೋಮೀಟರ್‌ವರೆಗೆ. ಮೈಸೂರಿನವರಿಗೆ ಅದು ರಾಮನಗರದ ಆಸುಪಾಸು ಮುಗಿಯುತ್ತೆ. ನಮ್ಮ ದೂರು ಕೇಳುವ ರಾಜ್ಯ ಆಯುಕ್ತರ ಕಚೇರಿ ಇರುವುದು ಬೆಂಗಳೂರಿನಲ್ಲಿ, ಇರಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆಲ್ಲ ಟಿಕೆಟ್ ಫ್ರೀ ಆಯಿತು, ಹಾಗಾಗಿ ನಾನು ಎರಡು ಸಲ ಫ್ರೀ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ಅಷ್ಟೇ ಎತ್ತರದಲ್ಲಿದೆ. ನೆಲಮಟ್ಟದ ಬಸ್ಸುಗಳಲ್ಲಿ ಬಾಗಿಲಿನ ಹತ್ತಿರ ಮಡಚುವ ಹಲಗೆ ಇರುತ್ತೆ, ಅದನ್ನು ಬಿಡಿಸಿ ನೆಲಕ್ಕೆ ಹಾಕಿದರೆ ಗಾಡಿ ಸಲೀಸಾಗಿ ಒಳಗೆ ಹೋಗುತ್ತದೆ. ಆದರೆ ಡ್ರೈವರ್ ಬಸ್ಸನ್ನು ಫುಟ್‌ಪಾತ್ ಪಕ್ಕಕ್ಕೆ ತಂದು ನಿಲ್ಲಿಸಬೇಕು, ಕಂಡಕ್ಟರ್ ಇಳಿದು ಹಲಗೆ ಬಿಡಿಸಬೇಕು. ನಡುರಸ್ತೆಯಲ್ಲಿ ಅರ್ಧ ನಿಮಿಷ ನಿಲ್ಲುವ ಬಸ್ಸಿಗೆ ಅದೆಲ್ಲ ಎಲ್ಲಿಂದ? ಅದಕ್ಕೇ ನಮ್ಮವರು ಸೈಡ್ ವೀಲ್ ಸ್ಕೂಟರ್ ನಂಬಿಕೊಂಡಿದ್ದಾರೆ. ಅದಕ್ಕೂ 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಜಾಗ ಇಲ್ಲ, ಬೈಕ್ ಆಟೋಗಳ ಜೊತೆ ಸರ್ವಿಸ್ ರಸ್ತೆಗೆ ಹೋಗಬೇಕು. ಅಪಘಾತ ನೋಡಿದರೆ ನಿಷೇಧ ಸರಿಯೇ ಅನ್ನಿಸುತ್ತೆ. ಆದರೆ ಕಾರು ಇಲ್ಲದ, ಬಸ್ಸು ಹತ್ತಲಾಗದ ಮನುಷ್ಯನಿಗೆ ಏನು ದಾರಿ ಅಂತ ಅವತ್ತು ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು.

ಮದುವೆ ಛತ್ರಗಳ ಬಗ್ಗೆ ಒಂದು ಮಾತು. ನಮ್ಮ ಕಡೆ ಊಟದ ಹಾಲು ನೆಲಮಾಳಿಗೆಯಲ್ಲಿ ಇಲ್ಲವೇ ಮೊದಲ ಮಹಡಿಯಲ್ಲಿ. ಧಾರೆ ನೋಡಿ ಅಕ್ಷತೆ ಹಾಕಬಹುದು, ಊಟಕ್ಕೆ ಇಳಿಯೋಕೆ ಆಗಲ್ಲ. 'ಇಲ್ಲೇ ತಟ್ಟೆ ತಂದುಕೊಡ್ತೀವಿ ಕೂತ್ಕೊಳಕ್ಕ' ಅನ್ನುತ್ತಾರೆ. ಎಲ್ಲರೂ ಪಂಕ್ತಿಯಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಾಗ ನಾನು ಖಾಲಿ ಮಂಟಪದ ಮುಂದೆ ಒಬ್ಬಳೇ ಪೇಪರ್ ತಟ್ಟೆ ಹಿಡಿದು ಕೂತಿರಬೇಕು. ತಮಾಷೆ ಅಂದರೆ, ಎಷ್ಟೋ ಛತ್ರಗಳ ಹಿಂದುಗಡೆ ಚೆಂದದ ಇಳಿಜಾರು ಇರುತ್ತೆ. ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ, ತರಕಾರಿ ಗಾಡಿ ಇಳಿಸೋಕೆ. ನಾನು ಈಗ ಛತ್ರಕ್ಕೆ ಹೋದರೆ ಮೊದಲು ಅಡುಗೆಯವರನ್ನು ಮಾತಾಡಿಸುತ್ತೇನೆ. ಈರುಳ್ಳಿ ಸಿಪ್ಪೆ ಮೇಲೆ ಗಾಲಿ ಉರುಳಿಸಿಕೊಂಡು, ಸಾಂಬಾರ್ ಒಲೆ ಪಕ್ಕದಲ್ಲಿ ಹಾದು, ಊಟದ ಹಾಲಿಗೆ ಹೋಗುತ್ತೇನೆ. ಅಕ್ಕಿ ಮೂಟೆಗೆ ಇಳಿಜಾರು ಬೇಕು ಅಂತ ತಿಳಿದ ಎಂಜಿನಿಯರಿಗೆ ಅಜ್ಜಿಗೂ ಬೇಕು ಅಂತ ಹೊಳೆಯಲಿಲ್ಲ. ಮದುವೆಗೆ ಬರುವ ಅಜ್ಜಿಯರಲ್ಲಿ ಅರ್ಧಕ್ಕರ್ಧ ಜನಕ್ಕೆ ಮಂಡಿ ನೋವು ಅನ್ನುವುದು ಎಲ್ಲರಿಗೂ ಗೊತ್ತಿದ್ದೂ!

ಓಟಿನ ದಿನ ಮಾತ್ರ ಬೇರೆ. 2004ರ ಲೋಕಸಭೆ ಚುನಾವಣೆ ಹೊತ್ತಿಗೆ ದೆಹಲಿಯ ಹೋರಾಟಗಾರ ಜಾವೇದ್ ಅಬಿದಿ ಮತ್ತು ಅವರ ಗೆಳೆಯರು ಸುಪ್ರೀಂ ಕೋರ್ಟಿನವರೆಗೂ ಹೋಗಿ ಮತಗಟ್ಟೆಗೆ ರ‍್ಯಾಂಪ್ ಕೇಳಿದರು. ಅಬಿದಿಯವರೂ ವೀಲ್‌ಚೇರ್ ಬಳಸುತ್ತಿದ್ದವರು, 1995ರ ಮೊದಲ ಕಾಯ್ದೆಗೂ ಬೀದಿಗಿಳಿದಿದ್ದವರು. ಅಲ್ಲಿಂದ ಈಚೆಗೆ ಮತಗಟ್ಟೆ ಅಂದರೆ ರ‍್ಯಾಂಪ್ ಅನ್ನುವುದು ರೂಢಿಯಾಯಿತು. 2023ರ ವಿಧಾನಸಭೆ ಚುನಾವಣೆಯಿಂದ ನಮ್ಮಂಥವರು ಬೇಕಾದರೆ ಮನೆಯಿಂದಲೇ ಓಟು ಹಾಕುವ ವ್ಯವಸ್ಥೆಯೂ ನಮ್ಮ ರಾಜ್ಯಕ್ಕೆ ಬಂತು. ನಾನು ಮತಗಟ್ಟೆಗೇ ಹೋಗುತ್ತೇನೆ. ಮತಗಟ್ಟೆ ಬಹುಪಾಲು ಸರ್ಕಾರಿ ಶಾಲೆಯಲ್ಲೇ ಇರುತ್ತೆ. ಹಾಗಾಗಿ ಓಟಿಗೆ ಅಂತ ಕಟ್ಟಿದ ರ‍್ಯಾಂಪು ಉಳಿದ ದಿನವೆಲ್ಲ ಮಕ್ಕಳಿಗೆ ಸಿಗುತ್ತದೆ. ಅಬಿದಿ ಓಟಿಗೆ ಅಂತ ಕೇಳಿದ್ದು, ಕ್ಯಾಲಿಪರ್ ಹಾಕಿದ ಮಗು ಕ್ಲಾಸಿಗೆ ಹೋಗುವ ಹಾಗಾಯಿತು.

ಪಂಚಾಯಿತಿ ಸದಸ್ಯರು ಇಲ್ಲಿದ್ದೀರಿ. ವಿಕಲಚೇತನರಿಗೆ ಅಂತ ಶೇಕಡಾ 5ರ ಅನುದಾನ ತೆಗೆದಿಡುತ್ತೀರಿ. ನಿಮ್ಮಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅದೇ ವಿಆರ್‌ಡಬ್ಲ್ಯು ಅಂತೀವಲ್ಲ, ಅವರು ಬಹುಪಾಲು ತಾವೇ ವಿಕಲಚೇತನರು. ಅವರನ್ನು ಫಾರಂ ತುಂಬಿಸೋಕೆ ಮಾತ್ರ ಕರೆಯಬೇಡಿ. ಹೊಸ ಕಟ್ಟಡಕ್ಕೆ ಗುದ್ದಲಿ ಪೂಜೆಗೂ ಮುಂಚೆ ನಕ್ಷೆ ಅವರಿಗೆ ತೋರಿಸಿ. ಇನ್ನೊಂದು ವಿನಂತಿ. ಆ ಶೇಕಡಾ 5ರಲ್ಲಿ ನಿಮ್ಮ ಕಚೇರಿಯ ರ‍್ಯಾಂಪ್ ಕಟ್ಟಬೇಡಿ. ಅದು ಯಾರದೋ ಕೃತಕ ಕಾಲಿನ ದುಡ್ಡು, ಯಾರದೋ ಹುಡುಗಿಯ ಓದಿನ ದುಡ್ಡು. ಬಾಗಿಲು ಕಟ್ಟಡದ ಭಾಗ, ಕಿಟಕಿ ಕಟ್ಟಡದ ಭಾಗ, ರ‍್ಯಾಂಪೂ ಕಟ್ಟಡದ ಭಾಗ. ಅದರ ಖರ್ಚು ಕಟ್ಟಡದ ಎಸ್ಟಿಮೇಟಿನಲ್ಲೇ ಬರಲಿ.

ಇಷ್ಟು ಹೇಳಿ ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು.

ಮೈಸೂರಿನ ಹುಡುಗನೊಬ್ಬ ಕೇಳಿದ: 'ಮೇಡಂ, ಪಾರಂಪರಿಕ ಕಟ್ಟಡಗಳಲ್ಲಿ ಏನು ಮಾಡೋದು? ಕಲ್ಲು ಮುಟ್ಟೋ ಹಾಗಿಲ್ವಲ್ಲ?'

ಒಳ್ಳೆಯ ಪ್ರಶ್ನೆ. ಮೈಸೂರಿನಲ್ಲಿ ಎಷ್ಟೋ ಹಳೆಯ ಕಟ್ಟಡಗಳಲ್ಲಿ ಇವತ್ತಿಗೂ ಆಫೀಸು, ಕಾಲೇಜು ನಡೆಯುತ್ತಿವೆ. 2001ರ ಜನವರಿಯಲ್ಲಿ ವೀಲ್‌ಚೇರಿನಲ್ಲೇ ಓಡಾಡುತ್ತಿದ್ದ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಿದ್ದರು. ಕುತುಬ್ ಮಿನಾರ್, ಜಂತರ್ ಮಂತರ್ ನೋಡಬೇಕು ಅಂದರು. ತಕ್ಷಣ ಮರದ ರ‍್ಯಾಂಪ್ ಬಂತು. ಯಾವ ಕಲ್ಲಿಗೂ ಏನೂ ಆಗಲಿಲ್ಲ. ಮರದ್ದೋ ಕಬ್ಬಿಣದ್ದೋ, ಬೇಕೆಂದಾಗ ಇಟ್ಟು ತೆಗೆಯುವ ರ‍್ಯಾಂಪಿಗೆ ಒಂದು ಮೊಳೆಯೂ ಹೊಡೆಯಬೇಕಿಲ್ಲ. ಪಕ್ಕದ ಬಾಗಿಲು ನೆಲದ ಮಟ್ಟಕ್ಕೆ ಇದ್ದರೆ ಅದನ್ನು ತೆರೆಯಿರಿ. ಅದೂ ಆಗದಿದ್ದರೆ ಜನರಿಗೆ ಬೇಕಾದ ಕೌಂಟರನ್ನು ಕೆಳಗಿನ ಕೋಣೆಗೆ ತನ್ನಿ. ಕಟ್ಟಡ ಮುಟ್ಟಬೇಡಿ, ಮೇಜು ಮುಟ್ಟಬಹುದಲ್ಲ? ನಮ್ಮ ಮೃಗಾಲಯ 1892ರದ್ದು. ಅಲ್ಲಿ ನೋಡೋಕೆ ಬಂದವರನ್ನು ಕೂರಿಸಿಕೊಂಡು ಬ್ಯಾಟರಿ ಗಾಡಿ ಓಡಾಡುವುದರಿಂದ ಹುಲಿಗೂ ತೊಂದರೆ ಆಗಿಲ್ಲ, ಪರಂಪರೆಗೂ ಆಗಿಲ್ಲ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. 'ಹಾಗಾದ್ರೆ ಮೇಡಂ, ಮೆಟ್ಟಿಲ ಹತ್ರ ನಿಮ್ಮನ್ನ ನೋಡಿದ್ರೆ ನಾವು ಎತ್ತಬಾರದಾ?'

ಎತ್ತಮ್ಮ. ಎತ್ತಬೇಡ ಅಂದರೆ ನಾನು ಮನೆಯಲ್ಲೇ ಇರಬೇಕಾಗುತ್ತೆ. ಆದರೆ ಮೊದಲು ಕೇಳು. ಕೆಲವರಿಗೆ ಬೆನ್ನಲ್ಲಿ ರಾಡ್ ಹಾಕಿರುತ್ತಾರೆ, ಕೆಲವರಿಗೆ ಮೂತ್ರದ ಚೀಲ ಇರುತ್ತೆ, ಎಲ್ಲಿ ಹಿಡಿಯಬೇಕು ಅಂತ ಅವರಿಗೇ ಗೊತ್ತು. ಗಾಡಿ ಸಮೇತ ಹತ್ತಿಸುವುದಾದರೆ ಗಾಡಿಯ ಬೆನ್ನನ್ನು ಮೆಟ್ಟಿಲ ಕಡೆ ತಿರುಗಿಸು. ಗಟ್ಟಿಯಾದವರು ಹಿಂದೆ ನಿಂತು ಹಿಡಿಕೆ ಹಿಡಿದು ಗಾಡಿಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಲಿ. ದೊಡ್ಡ ಗಾಲಿ ಮೆಟ್ಟಿಲಿಗೆ ತಾಗಿದ ಮೇಲೆ ಒಂದೊಂದೇ ಮೆಟ್ಟಿಲು ಮೇಲಕ್ಕೆ ಎಳೆಯಬೇಕು. ಮುಂದೆ ಇರುವವರು ಗಾಡಿಯ ಚೌಕಟ್ಟಿನ ಕೊಳವೆ ಹಿಡಿಯಬೇಕು. ಕೈ ಇಡುವ ಜಾಗ, ಕಾಲಿಡುವ ತಟ್ಟೆ ಹಿಡಿಯಬಾರದು, ಅವು ಕಳಚುತ್ತವೆ. ಇಳಿಸುವಾಗ ಮುಖ ಮುಂದಕ್ಕೆ, ಗಾಡಿ ಹಿಂದಕ್ಕೆ ವಾಲಿರಬೇಕು. ಯಾರಾದರೂ ಒಬ್ಬರೇ 'ಒಂದು, ಎರಡು, ಮೂರು' ಹೇಳಲಿ. ಎಲ್ಲರೂ ಕೂಗಿದರೆ ಎಲ್ಲರೂ ಬೇರೆ ಬೇರೆ ಹೊತ್ತಿಗೆ ಎತ್ತುತ್ತಾರೆ.

ಎತ್ತಿ ಆದ ಮೇಲೆ ಒಂದು ಕೆಲಸ ಇದೆ. ನನ್ನ ಬ್ಯಾಗಿನಲ್ಲಿ ಈಗ ಅರ್ಜಿ ಸಿದ್ಧವಾಗಿ ಇರುತ್ತೆ. ತಾರೀಕು, ಕಚೇರಿಯ ಹೆಸರು, ಎಷ್ಟು ಮೆಟ್ಟಿಲು, 2016ರ ಕಾಯ್ದೆಯ 45ನೇ ಸೆಕ್ಷನ್. ಅದರ ಕೆಳಗೆ 'ನನ್ನನ್ನು ಎತ್ತಿಕೊಂಡು ಬಂದವರು' ಅಂತ ನಾಲ್ಕು ಸಾಲು. ಎತ್ತಿದವರ ಹತ್ತಿರ ಸಹಿ ಕೇಳುತ್ತೇನೆ. ಕೆಲವರು ಹಾಕುತ್ತಾರೆ. ಕೆಲವರು 'ಎತ್ತೋಕೆ ನಾವ್ ರೆಡಿ ಮೇಡಂ, ಸೈನ್ ಎಲ್ಲಾ ಬ್ಯಾಡಿ' ಅಂತ ಜಾರಿಕೊಳ್ಳುತ್ತಾರೆ. ಆಟೋದವರು ಹಾಕುತ್ತಾರೆ, ಸರ್ಕಾರಿ ನೌಕರರು ಹಾಕಲ್ಲ. ಒಂದು ಪ್ರತಿ ಕಚೇರಿಗೆ, ಒಂದು ಪ್ರತಿ ರಾಜ್ಯ ಆಯುಕ್ತರಿಗೆ ಪೋಸ್ಟಿನಲ್ಲಿ. ವಿಚಾರಣೆಗೆ ಅಧಿಕಾರಿಯನ್ನು ಕರೆಸುವ ವಿಷಯದಲ್ಲಿ ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ನೀನು ಸಿವಿಲ್ ಓದುತ್ತಿದ್ದೀಯ, ನೀನಾದರೆ ಅರ್ಜಿಯ ಹಿಂದೆ ಅಲ್ಲಿಗೆ ಎಷ್ಟು ಅಡಿ ರ‍್ಯಾಂಪ್ ಬೇಕು ಅಂತ ಒಂದು ಚಿತ್ರ ಬರೆದುಕೊಡಬಹುದು. ಅಳತೆ ಸಮೇತ ಇದ್ದರೆ 'ಜಾಗ ಇಲ್ಲ' ಅಂತ ಸುಮ್ನೆ ಹೇಳಿ ಕಳಿಸೋಕೆ ಆಗಲ್ಲ.

ನಿಮ್ಮ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಮುದ್ರೆ ಹಾಕುವ ಟಪಾಲು ವಿಭಾಗ ಮೊದಲ ಮಹಡಿಯಲ್ಲಿದ್ದರೆ, ಆ ಮೆಟ್ಟಿಲುಗಳನ್ನೂ ಎಣಿಸಿ ಅದೇ ಅರ್ಜಿಗೆ ಸೇರಿಸಿ.